ತೂಕದ ಚೀಟಿ

ಮಾಚೇನಹಳ್ಳಿಯ ಆಚೆ, ಭದ್ರಾವತಿ ರಸ್ತೆಯ ಎಡಕ್ಕೆ
ನನ್ನ ವೇ ಬ್ರಿಡ್ಜ್.
ತೋಪಖಾನೆಯಲ್ಲಿ ಹತ್ತೊಂಬತ್ತು ವರ್ಷ ಗುಂಡಿನ ದೂರ ಲೆಕ್ಕ ಹಾಕಿದವನು
ಈಗ ಜೋಳ, ಜಲ್ಲಿ, ಗುಜರಿ ಕಬ್ಬಿಣ ತೂಗುತ್ತೇನೆ.
ಗೋಡೆಯ ಮೇಲೆ ರೆಜಿಮೆಂಟಿನ ಫೋಟೊ ಇರುವುದರಿಂದ
ಗಡಿ ಬಿಸಿಯಾದಾಗೆಲ್ಲ ಡ್ರೈವರುಗಳು ನನ್ನನ್ನೇ ಕೇಳುತ್ತಾರೆ.

"ಹವಾಲ್ದಾರ್ರೇ, ಒಂದೇ ಏಟಿಗೆ ಮುಗಿಸಿಬಿಡಬಾರ್ದಾ?"
ಎಂದ ದಸ್ತಗೀರ್, ಟೀ ಗ್ಲಾಸು ಊದುತ್ತ.
ಟಿವಿಯಲ್ಲೂ ಅದೇ ಪ್ರಶ್ನೆ, ಕೋಟು ಹಾಕಿಕೊಂಡು ಕೂತಿತ್ತು.

ಚೀಟಿಯ ಬೆನ್ನಿಗೆ ಗೆರೆ ಎಳೆದೆ.
ನೋಡು, ಇದು ಗಡಿ.
ಟ್ಯಾಂಕುಗಳು ಹತ್ತು ಕಿಲೋಮೀಟರು ಒಳಗೆ ಹೋದವು ಅನ್ನು.
ಬೈದಾರು, ತಡೆದಾರು.
ಇಪ್ಪತ್ತು. ಮೂವತ್ತು.
ಅಲ್ಲೆಲ್ಲೋ ಅವರ ಕಡೆಯ ಗೆರೆ ಇದೆ,
ಅದಕ್ಕೆ ಸುಣ್ಣ ಬಳಿದಿಲ್ಲ, ಮೈಲಿಗಲ್ಲು ನೆಟ್ಟಿಲ್ಲ,
ದಾಟಿದ ಮೇಲಷ್ಟೇ ಗೊತ್ತು ದಾಟಿದ್ದು.
ನಿಜ ಹೇಳಬೇಕೆಂದರೆ ಅವರಿಗೂ ಗೊತ್ತಿರಲಿಕ್ಕಿಲ್ಲ;
ರಾತ್ರಿ ಎರಡು ಗಂಟೆಗೆ ನಿದ್ದೆಗೆಟ್ಟ ಯಾರೋ ಒಬ್ಬ
ಆಗ ಎಳೆಯುತ್ತಾನೆ.

"ಪುಕ್ಕಲರು, ಒತ್ತಲ್ಲ ಬಿಡಿ."
ಧೈರ್ಯವಂತನ ಕೈ ಅಲ್ಲ ಮಾರಾಯ,
ಹೆದರಿದವನ ಕೈಯೇ ಗುಂಡಿಯ ಹತ್ತಿರ ಹೋಗುವುದು.
ಚಿಕ್ಕ ಬಾಂಬೂ ಇದೆಯಂತೆ, ಟ್ಯಾಂಕಿಗಷ್ಟೇ ಸಾಕಾಗುವಂಥದು,
ಚಿಕ್ಕದಕ್ಕೆ ದೊಡ್ಡದು, ದೊಡ್ಡದಕ್ಕೆ ಇದ್ದದ್ದೆಲ್ಲ.
ನೂರರಲ್ಲಿ ತೊಂಬತ್ತನ್ನು ಆಕಾಶದಲ್ಲೇ ಹಿಡಿದೆವು ಅನ್ನು,
ಉಳಿದ ಹತ್ತಕ್ಕೆ ಊರಿನ ಹೆಸರು ಬರಿ ನೋಡೋಣ.
ನಾನೇ ಬರೆಯಲು ಹೋದೆ. ಪೆನ್ನು ಎತ್ತಿದೆ.
ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು;
ಇದರ ಮೇಲೆ ಗಾದೆ ಕಟ್ಟುವುದಕ್ಕೆ ಅಜ್ಜಿಯರು ಉಳಿಯಬೇಕಲ್ಲ.

ಹಾಗಂತ ಸುಮ್ಮನಿರುವುದು ಹಗುರವೇನಲ್ಲ.
ಚೋರಡಿ ಕಡೆಯ ಈರನಾಯ್ಕನ ಪೆಟ್ಟಿಗೆಗೆ ಹೆಗಲು ಕೊಟ್ಟವನು ನಾನು.
ಅವನ ತಾಯಿ ಅಳದೆ ಕೇಳಿದಳು: "ಅವರಿಗೂ ಏನಾದರೂ ಆಯ್ತಾ?"
ಪೆಟ್ಟಿಗೆ ಇಳಿಸಿದೆ, ಆ ಪ್ರಶ್ನೆ ಇಳಿಸಲಾಗಲಿಲ್ಲ.
ಸುಮ್ಮನಿದ್ದರೆ ಇನ್ನೊಂದು ಪೆಟ್ಟಿಗೆ ಬರುತ್ತದೆ,
ಇದನ್ನೂ ಚೀಟಿಯಲ್ಲಿ ಬರೆದೆ. ಹೊಡೆದು ಹಾಕಲಿಲ್ಲ.

ನಮ್ಮ ಫೈರಿಂಗ್ ಟೇಬಲ್ಲಿನಲ್ಲಿ ಗಾಳಿಗೊಂದು ಅಂಕಣವಿತ್ತು:
ಗುಂಡು ಎಷ್ಟು ವಾಲುತ್ತದೆ, ಎಡಕ್ಕೋ ಬಲಕ್ಕೋ.
ಬೂದಿಗೆ ಅಂಕಣವಿರಲಿಲ್ಲ.
ಗಂಗಾ ಸ್ನಾನ ತುಂಗಾ ಪಾನ ಅಂತೀವಿ,
ಗಾಜನೂರಿನ ನೀರಿಗೆ ಯಾರು ಹೇಳಬೇಕು
ಯುದ್ಧ ಬಡಗಣದಲ್ಲಿ ಮಾತ್ರ ಎಂದು?

ನನ್ನ ಕಸುಬು ಸರಳ:
ತುಂಬಿದ ಗಾಡಿ ತೂಗು, ಖಾಲಿ ಗಾಡಿ ತೂಗು, ಕಳೆ.
ಎರಡು ಸಲವೂ ಗಾಡಿ ಬರಬೇಕು,
ಎರಡು ಸಲವೂ ವೇ ಬ್ರಿಡ್ಜ್ ಇದ್ದಲ್ಲೇ ಇರಬೇಕು.
ಈ ಲೆಕ್ಕದಲ್ಲಿ ಎರಡನೆಯ ತೂಕ ಯಾರು ತೂಗುತ್ತಾರೆ,
ಯಾರ ಕೈಗೆ ಚೀಟಿ ಕೊಡುತ್ತಾರೆ?
ತೂಗುವಾಗ ತಟ್ಟೆಯ ಮೇಲೆ ಯಾರೂ ನಿಲ್ಲಬಾರದು, ಬೋರ್ಡೇ ಬರೆಸಿದ್ದೇನೆ.
ಇಲ್ಲಿ ನಿಂತಿದ್ದೇವೆ ಎಲ್ಲ,
ನಾನೂ ಸೇರಿ, ಟಿವಿಯ ಕೋಟೂ ಸೇರಿ.

ದಸ್ತಗೀರ್ ಚೀಟಿ ಮಡಚಿ ಜೇಬಿಗಿಟ್ಟ,
ಒಪ್ಪಿಯೋ, ಬೀಡಿ ಹಚ್ಚಲೋ, ಕೇಳಲಿಲ್ಲ.

ಲಾರಿ ಕೆಳಗಿಳಿದ ಮೇಲೆ ಅವನ ಮಗಳು ಅಫ್ರೀನ್,
ಅಂಗನವಾಡಿಗೆ ರಜೆಯೆಂದು ಜೊತೆಗೆ ಬಂದವಳು,
ಖಾಲಿ ತಟ್ಟೆಯ ನಟ್ಟನಡುವೆ ಹೋಗಿ ನಿಂತಳು
ಹಸಿರು ಚಪ್ಪಲಿಯಲ್ಲಿ.
"ನಾನೆಷ್ಟು?"
ಇಪ್ಪತ್ತು ಕಿಲೋಗಿಂತ ಕಡಿಮೆಯಿದ್ದದ್ದು ಯಂತ್ರದ ಲೆಕ್ಕಕ್ಕೆ ಬರುವುದಿಲ್ಲ.
ಕೆಂಪು ಅಂಕಿ ಅಲುಗಲಿಲ್ಲ: ಸೊನ್ನೆ.
ಕೈ ಎರಡೂ ಮೇಲೆತ್ತಿದಳು. ಸೊನ್ನೆ.
"ಅಂಕಲ್, ಇದು ಕೆಟ್ಟಿದೆ."

ಕೆಟ್ಟಿರಲಿಲ್ಲ.
ಹಿಂದಿನ ವಾರವಷ್ಟೇ ಇಲಾಖೆಯವರು ಬಂದು ನೋಡಿ
ಸರಿಯಿದೆ ಎಂದು
ಮುದ್ರೆ ಒತ್ತಿ ಹೋಗಿದ್ದರು.