ಮೂಲೆಯ ಹೂ

ನಾನು ಕಟ್ಟು ಹಾಕುವವನು. ಕೋಡಿಬಾಗದ ರಸ್ತೆಯಲ್ಲಿ
ದೇವರಿಗೆ, ಸತ್ತವರಿಗೆ, ಮೆಟ್ರಿಕ್ ಪಾಸಾದವರಿಗೆ
ಗಾಜು ಕೊಯ್ದು ಕೊಟ್ಟು ಇಪ್ಪತ್ತೆರಡು ವರ್ಷ.
ಪೆಡ್ನೇಕರ್ ಬಾಯಿ ಗ್ಯಾಲರಿ ತೆರೆದ ಮೇಲೆ
ಹಾಲಕ್ಕಿಗಳ ಹಸೆಗೂ ನನ್ನದೇ ಚೌಕಟ್ಟು;
ಗೋಡೆ ಬಿಟ್ಟು ಕ್ಯಾನ್ವಾಸಿಗೆ ಬಂದ ಆ ಮದುವೆ ದಿಬ್ಬಣ
ಇನ್ನು ಯಾವ ಮಳೆಗಾಲಕ್ಕೂ ಅಳಿಯುವುದಿಲ್ಲ.

ಆ ಕೌದಿ ಮಾತ್ರ ಅಳತೆಗೆ ಸಿಗಲಿಲ್ಲ.
ನನ್ನ ಗಾಜು ನಾಲ್ಕಕ್ಕೆ ಆರು. ಅದು
ಎಲ್ಲೂ ನಾಲ್ಕಲ್ಲ, ಎಲ್ಲೂ ಆರಲ್ಲ.
ನೆಲದ ಮೇಲೆ ಕೂತು ಅಂಚಿನಿಂದ ಸುತ್ತುತ್ತ ಸುತ್ತುತ್ತ
ನಡುವಿಗೆ ಬಂದು ನಿಂತ ಹೊಲಿಗೆ.
ಒಲೆಯ ವಾಸನೆ ಹೋಗಲೆಂದು ಬಾಯಿ ಎರಡು ಸಲ ಒಗೆಸಿದ್ದರು.
ಸಾಲೆಯಂಗಿಯ ನೀಲಿ, ಯಾರದೋ ಲುಂಗಿಯ ಚೌಕಳಿ,
ಚುನಾವಣೆ ಬಟ್ಟೆಯ ಅರ್ಧ ಅಕ್ಷರ.
ನಾಲ್ಕು ಮೂಲೆಗೂ ಮಡಚಿ ಮಡಚಿ ಕೂರಿಸಿದ ತ್ರಿಕೋನ,
ಗಂಟಿನ ಹಾಗೆ ದಪ್ಪ.
ಮೂರನ್ನು ಹಿಂದಕ್ಕೆ ಮಡಚಿ ಮೊಳೆ ಹೊಡೆದೆ.
ನಾಲ್ಕನೆಯದನ್ನು, ಹೇಳಿಬಿಡುತ್ತೇನೆ,
ಬ್ಲೇಡಿನಲ್ಲಿ ಕೊಯ್ದೆ.

ಕೆಳಗೆ ಚೀಟಿ: ಶೀರ್ಷಿಕೆ ಇಲ್ಲ. ಹತ್ತಿ, ದಾರ.
ಮೂವತ್ತೆಂಟು ಸಾವಿರ.
ಪಕ್ಕದಲ್ಲಿ ಮಾರಾಟವಾದ ಕೆಂಪು ಚುಕ್ಕೆ.

ಅಣಶಿ ಘಟ್ಟ ಇಳಿದು, ಮುಷ್ಟಿಯಲ್ಲಿ ನಿಂಬೆಹಣ್ಣು ಹಿಸುಕಿಕೊಂಡು
ಮಲನ್‌ಬಿ ಸಿದ್ದಿ ಬಂದಳು, ಉಳಿದ ದುಡ್ಡು ಕೇಳಲು.
ಬಾಯಿ ಗೋವೆಗೆ ಹೋಗಿದ್ದರು.
ಓದು, ಅಂದಳು. ಓದಿದೆ.
ಸಾವಿರಗಳು ಕೇಳಿ ನಕ್ಕಳು,
ಆ ನಗು ಬೇಗ ಮುಗಿಯಲಿಲ್ಲ.
ಶೀರ್ಷಿಕೆ ಅಂದರೆ?
ಹೆಸರು, ಅಂದೆ.
‘ಹೆಸರಿಲ್ಲದೆ ಏನು? ಇದು ಇಬ್ಬರದ್ದು,
ನಡುವೆ ಒಂದು ಮಗು.’
ಆಮೇಲೆ ಮೂಲೆ ನೋಡಿದಳು. ನನ್ನನ್ನಲ್ಲ,
ಮೂಲೆಯನ್ನೇ.
‘ಹೂ ಎಲ್ಲಿ? ಬತ್ತಲೆ ನಿಲ್ಲಿಸಿದ್ದೀರಲ್ಲೋ ಇದನ್ನ.’

ಮೊಳೆ ಕಿತ್ತೆ, ಹೊಡೆದದ್ದಕ್ಕಿಂತ ಮೆಲ್ಲಗೆ.
ಸೂಜಿ ಎಲೆಯಡಿಕೆ ಸಂಚಿಯಲ್ಲೇ ಇತ್ತು.
ಬಟ್ಟೆಗೆಂದು ಸುತ್ತ ನೋಡಿ
ನನ್ನ ಹೆಗಲಿನಿಂದ ಗಾಜೊರೆಸುವ ಹಳದಿ ಅರಿವೆ ಎಳೆದು
ಹಲ್ಲಿನಲ್ಲಿ ಕಚ್ಚಿ ಹರಿದಳು.
ಎಸಿಯ ಕೆಳಗೆ, ಟೈಲ್ಸಿನ ಮೇಲೆ ಕಾಲು ಚಾಚಿ,
ಸಮುದ್ರದ ಕಿಟಕಿಗೆ ಬೆನ್ನು ಹಾಕಿ
ಮಡಚಿದಳು, ಮಡಚಿದಳು.
ಇನ್ನು ಗಾಜು ಕೂರುವುದಿಲ್ಲ, ಅಂದೆ.
‘ಗಾಜು ಯಾಕೆ? ಅದೇನು ಸತ್ತಿದೆಯಾ?’

ಎರಡೂವರೆಯ ಬಸ್ಸಿಗೆ ಹೋದಳು.
ಉಳಿದ ದುಡ್ಡು ಸಿಕ್ಕಿತೋ ಇಲ್ಲವೋ, ಗೊತ್ತಿಲ್ಲ;
ನನಗಂತೂ ಗಾಜಿನದು ಮುರಿದುಕೊಂಡರು.
ಕೌದಿ ಸುರುಳಿ ಸುತ್ತಿಸಿಕೊಂಡು ಯಾವುದೋ ಊರಿಗೆ ಕೊರಿಯರಾಯಿತು.

ಅರಿವೆಯ ಉಳಿದರ್ಧ ಇಲ್ಲೇ ಇದೆ.
ಒಂದು ಮೂಲೆ ಇಲ್ಲ ಅದಕ್ಕೆ.
ಸತ್ತವರ ಮುಖ ಒರೆಸುವಾಗ
ಕಿರುಬೆರಳು ಅಲ್ಲಿಂದ ಜಾರಿ
ತಣ್ಣನೆ ಗಾಜಿಗೆ ತಾಗುತ್ತದೆ.