ಊದು

ಶಾಫ್ಟಿನ ಬಾಗಿಲಾಗ ಹನ್ನೊಂದು ವರ್ಷ
ನಂದು ಒಂದೇ ಮಾತು: ಊದು.
ಬೀಗರು ಅಂತ ಬಿಟ್ಟಿಲ್ಲ, ಮೇಸ್ತ್ರಿ ಅಂತ ಬಿಟ್ಟಿಲ್ಲ.
ಯಂತ್ರ ಕುಂಯ್ ಅಂದ್ರ ಟೊಪ್ಪಿಗಿ ದೀಪ ಕಸಗೊಂಡು
ಮನಿಗೆ ನಡಿಯಪ್ಪ ಅಂದೀನಿ.
ಅತ್ತು ಕಾಲು ಹಿಡಿದವನದೂ ಆ ದಿನದ ಪಗಾರ ಕಟ್.

ಇವತ್ತ ರಾತ್ರಿ, ಹಟ್ಟಿ ಕ್ಯಾಂಪಿನ ನಮ್ಮ ಲೈನಿನಾಗ,
ಮೌನೇಶ ಒಳಗ ಬಂದ.
ಹದಿನಾರು ತುಂಬಿ ಎರಡು ತಿಂಗಳು.
ಬಾಯಿ ತುಂಬ ಸೋಂಪು.
ಚಪ್ಪಲಿ ಬಿಡಾಕ ಗೋಡಿ ಹಿಡಿದ.

ಹುಲಿಗೆಮ್ಮ ರೊಟ್ಟಿ ತಟ್ಟೋದು ನಿಲ್ಲಿಸಿ
ನನ್ನ ಮಾರಿ ನೋಡಿದ್ಲು,
ಅವನದಲ್ಲ.

ತಂಗಿ ಮದಿವಿ ಬೀಗರೂಟದಾಗ
ಇನ್ನೂ ಹಲ್ಲು ಬರದ ಕೂಸಿಗೆ
ಶೇಂದಿಯೊಳಗ ಬೆರಳದ್ದಿ ನೆಕ್ಕಿಸಿದಾಂವ ನಾನೇ.
ಮಾರಿ ಹಿಂಡಿದ, ಮತ್ತ ಬಾಯಿ ತೆರೆದ.
ಗಂಡಸಪ್ಪ ಗಂಡಸು ಅಂದವರೊಳಗ
ನನ್ನ ದನಿನೇ ಜೋರಿತ್ತು.

ಊದು ಅನ್ನಬೇಕು.
ನಾಲಿಗಿ ತುದಿತನಕ ಬಂದೈತಿ.
ಆದ್ರ ಇವತ್ತ ಐತವಾರ, ನನ್ನ ರಜಾ,
ತಲಿದಿಂಬಿನ ಕೆಳಗ ಕ್ವಾರ್ಟರ್
ಅರ್ಧ ಇಳಿದೈತಿ.

ಅಪ್ಪಾ, ಅಂತ ಹತ್ತಿರ ಬಂದ.

ಉಂಡು ಮಲಗು ಅಂದೆ
ಗೋಡಿ ಕಡೆ ಹೊರಳಿ,
ಉಸುರು ಬಿಗಿಹಿಡಿದು.