ಪುಟ ನಲವತ್ತಮೂರು

ಸುರತ್ಕಲ್ ಬಸ್ಸಿನಲ್ಲಿ ನಿಂತೇ ಓದುತ್ತಿದ್ದೇನೆ,
ಲೈಬ್ರರಿಯ ಚಿತ್ರಕಾದಂಬರಿ.
ಹೊಸ ಶಾಲೆಗೆ ಬಂದ ಹುಡುಗ. ಪುಸ್ತಕವಿಡೀ
ಅವನ ಮಾತಿನ ಗುಳ್ಳೆಗಳು ಖಾಲಿ.

ಖಾಲಿ ಇದ್ದವು. ಯಾರೋ ಪೆನ್ಸಿಲಿನಲ್ಲಿ ತುಂಬಿದ್ದಾರೆ:
‘ಒಬ್ಬಾಕೀನ ಉಣ್ತೀನಿ.’
‘ನಾ ಮಾತಾಡಿದ್ರ ಯಾಕ ನಗ್ತೀರಿ?’
ಕೊಂಬು ಉದ್ದಕ್ಕೆ ಎಳೆಯುವ ಈ ಅಕ್ಷರ ನನಗೆ ಗೊತ್ತು —
ಕೊನೇ ಬೆಂಚಿನ ನೀಲಗಂಗಾ.
ಅಪ್ಪನಿಗೆ ಬೈಕಂಪಾಡಿಯಲ್ಲಿ ಗಾರೆ ಕೆಲಸ;
ನಮಗೆಲ್ಲ ಅವಳು ‘ಘಟ್ಟದವಳು’.

ಪುಟ ನಲವತ್ತಮೂರು. ನಲ್ಲಿಯ ಹತ್ತಿರ ಗುಂಪು,
ಎಲ್ಲರ ಹಲ್ಲೂ ಕಾಣುತ್ತಿದೆ.
ಒಬ್ಬಳು ಮಾತ್ರ ಅತ್ತ ತಿರುಗಿ
ಬಾಟಲಿಗೆ ನೀರು ಹಿಡಿಯುತ್ತಿದ್ದಾಳೆ.
ಅವಳತ್ತ ಒಂದು ಬಾಣ. ಬಾಣದ ಬುಡದಲ್ಲಿ
ಇನಿಶಿಯಲ್ ಸಮೇತ ನನ್ನ ಹೆಸರು.

ಬಾಟಲಿ ತುಂಬಲು ಅಷ್ಟು ಹೊತ್ತು ಬೇಕಿರಲಿಲ್ಲ.

‘ದುಂಬು ಪೋಲೆ, ದುಂಬು ಪೋಲೆ’ — ಕಂಡಕ್ಟರ್ ನೂಕುತ್ತಾನೆ.
ಕಂಬಿ ಬಿಟ್ಟರೆ ಬೀಳುತ್ತೇನೆ.
ಬಿಡದೆ ಪುಟ ತಿರುಗುವುದಿಲ್ಲ.